ಹಗ್ಗ ಕಟ್ಟಿ ಎಳೆಯುವ ಮುನ್ನ...

ಇಂಗ್ಲೆಂಡಿನಲ್ಲಿರುವ ಗೆಳೆಯನೊಬ್ಬ ರಜೆಯಲ್ಲಿ ಕಾರಿನ ಹಿಂದೆ ಕ್ಯಾರವಾನ್ ಸಿಕ್ಕಿಸಿಕೊಂಡು ಊರೂರು ಸುತ್ತಿದ ಫೋಟೋ ಕಳಿಸಿದ್ದ. ಮನೆಯನ್ನೇ ಬಾಲಕ್ಕೆ ಕಟ್ಟಿಕೊಂಡು ಹೊರಟ ಹಾಗಿತ್ತು. ಆಮೇಲೆ ಫೋನಿನಲ್ಲಿ ಅವನು ಹೇಳಿದ ಲೆಕ್ಕಾಚಾರ ಕೇಳಿ ಸುಸ್ತಾದೆ. ಹೊಸಬರಾದರೆ ಕ್ಯಾರವಾನಿನ ತೂಕ ಕಾರಿನ ತೂಕದ ಶೇ. 85 ದಾಟದಿರುವುದು ಒಳ್ಳೆಯದಂತೆ. ಭಾರದ ಸಾಮಾನು ಆಕ್ಸಲ್ ಹತ್ತಿರ, ತಳದಲ್ಲೇ ಇಡಬೇಕಂತೆ. ಹಿಂದಕ್ಕೆ ಭಾರ ಹೆಚ್ಚಾದರೆ ಅದು ಓಲಾಡತೊಡಗಿ ಕಾರನ್ನೂ ಎಳೆದಾಡುತ್ತದಂತೆ. ಮೋಟರ್‌ವೇಯಲ್ಲಿ ಗಂಟೆಗೆ 60 ಮೈಲಿ ಮೀರುವಂತಿಲ್ಲ, ಮೂರು ಲೇನಿದ್ದರೆ ಬಲತುದಿಯ ಲೇನಿಗೆ ಹೋಗುವಂತೆಯೇ ಇಲ್ಲ.

"ನಿಮ್ಮ ಕಡೆ ಹೇಗೋ?" ಅಂದ. ನಮ್ಮ ಕಡೆ ಕ್ಯಾರವಾನ್ ಎಳೆಯುವವರು ಎಲ್ಲಿದ್ದಾರೆ ಸ್ವಾಮಿ! ವಿಜಯನಗರದ ನಮ್ಮ ಕ್ರಾಸಿನಲ್ಲಿ ಇರುವ ಕಾರು ನಿಲ್ಲಿಸಲಿಕ್ಕೇ ಜಾಗವಿಲ್ಲ :)

ಆದರೆ ಆಮೇಲೆ ಯೋಚಿಸಿದೆ. ರಜೆಯಲ್ಲಿ ನಾವೂ ಎಳೆಯುತ್ತೇವೆ. ಕೆಟ್ಟು ನಿಂತ ಕಾರನ್ನು, ಹಗ್ಗ ಕಟ್ಟಿ. ಆಗ ನಮಗೆ ಯಾವ ಲೆಕ್ಕಾಚಾರವೂ ಇರುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಮೈಸೂರು ಎಕ್ಸ್‌ಪ್ರೆಸ್‌ವೇ ಇನ್ನೂ ಮುಗಿಯದಿದ್ದ ಕಾಲ. ದಸರಾ ರಜೆ ಮುಗಿಸಿ ಎರಡು ಕಾರಿನಲ್ಲಿ ವಾಪಸ್ ಬರುತ್ತಿದ್ದೆವು. ಬಿಡದಿ ದಾಟಿದ ಮೇಲೆ ನನ್ನ ಕಾರಿನ ಎಂಜಿನ್ ನಿಂತೇ ಹೋಯಿತು. ಸಂಜೆಯಾಗುತ್ತಿತ್ತು. ಭಾವ ಹತ್ತಿರದ ಅಂಗಡಿಯಿಂದ ನೈಲಾನ್ ಹಗ್ಗ ತಂದರು. "ಕೆಂಗೇರಿ ತನಕ ತಾನೇ, ಅಲ್ಲಿ ಗ್ಯಾರೇಜ್ ಸಿಗುತ್ತೆ" ಅಂದರು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಹಾಗೇ ಕೂತಿದ್ದರು. ಇಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಕುಂಬಳಗೋಡಿನ ಹತ್ತಿರ ಮುಂದೊಂದು ಬಸ್ಸು ನಿಂತಿತು. ಭಾವ ಬ್ರೇಕ್ ಹಾಕಿದರು. ನಾನೂ ಒತ್ತಿದೆ. ಪೆಡಲ್ ಕಲ್ಲಾಗಿತ್ತು! ಹ್ಯಾಂಡ್‌ಬ್ರೇಕ್ ಎಳೆದೂ ಅವರ ಬಂಪರಿಗೆ ಹೋಗಿ ತಾಗಿದೆ. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಒಂದೆರಡು ಸಲ ಒತ್ತುವಷ್ಟರಲ್ಲಿ ಖಾಲಿಯಾಗುತ್ತದೆ. ಪವರ್ ಸ್ಟೇರಿಂಗೂ ಅಷ್ಟೇ, ಹೊರಳಿಸಲು ರಟ್ಟೆ ಬಲ ಬೇಕು. ಕೀ ತೆಗೆದುಬಿಟ್ಟರಂತೂ ಸ್ಟೇರಿಂಗ್ ಲಾಕೇ ಆಗಿಬಿಡುತ್ತದೆ. ಇಷ್ಟು ವರ್ಷ ಕಾರು ಓಡಿಸಿದ ನನಗೆ ಇದು ಆವತ್ತೇ ಗೊತ್ತಾಗಿದ್ದು.

ಆದರೆ ನನ್ನನ್ನು ಇವತ್ತಿಗೂ ಕಾಡುವುದು ಅದಲ್ಲ. ಕೆಂಗೇರಿ ಹತ್ತಿರ ನಿಧಾನವಾಗಿ ಸಾಗುತ್ತಿದ್ದಾಗ ಬೈಕಿನವನೊಬ್ಬ ಎರಡು ಕಾರಿನ ನಡುವೆ ಜಾಗ ಕಂಡು ನುಗ್ಗಿಬಿಟ್ಟ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು. ಮಬ್ಬುಗತ್ತಲಲ್ಲಿ ಹಗ್ಗ ಅವನಿಗೆ ಕಾಣಿಸಿರಲೇ ಇಲ್ಲ. ಆ ಕ್ಷಣಕ್ಕೆ ಹಗ್ಗ ಸಡಿಲವಾಗಿ ನೆಲಕ್ಕೆ ಬಿದ್ದಿತ್ತು, ಅದರ ಮೇಲೆ ಹತ್ತಿಸಿಕೊಂಡು ದಾಟಿದ. ಅರ್ಧ ಸೆಕೆಂಡ್ ಆಚೀಚೆ ಆಗಿ ಹಗ್ಗ ಬಿಗಿದಿದ್ದರೆ? ಯೋಚಿಸಲೂ ಭಯವಾಗುತ್ತದೆ.

ನಮ್ಮ ಬೆಂಗಳೂರಿನಲ್ಲಿ ಎರಡು ವಾಹನಗಳ ನಡುವೆ ಮೂರಡಿ ಜಾಗ ಕಂಡರೆ ಅಲ್ಲೊಂದು ಬೈಕು ಬಂದೇ ಬರುತ್ತದೆ. ಇಂಥ ಊರಿನಲ್ಲಿ ಹಗ್ಗ ಕಟ್ಟಿ ಎಳೆಯುವುದು ನಮ್ಮ ಕಾರಿನವರಷ್ಟೇ ತೆಗೆದುಕೊಳ್ಳುವ ಅಪಾಯವಲ್ಲ. ಅದಕ್ಕೇ ಹೇಳುವುದು, ಈ ಅಭ್ಯಾಸವನ್ನೇ ಬಿಟ್ಟುಬಿಡೋಣ.

ನಿಯಮ ಇರಲಿಲ್ಲ ಅಂತೇನಲ್ಲ. 1989ರ ರಸ್ತೆ ನಿಯಮಗಳಲ್ಲೇ ಇತ್ತು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ಹಗ್ಗ ಬೇರೆಯವರಿಗೆ ಎದ್ದು ಕಾಣುವಂತಿರಬೇಕು, ಹಿಂದಿನ ಗಾಡಿಯ ಬೆನ್ನಿಗೆ ಬಿಳಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ 'ಆನ್ ಟೋ' ಎಂದು ಬರೆದಿರಬೇಕು, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು. 2017ರಲ್ಲಿ ಅದರ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ನನ್ನ ಜೀವಮಾನದಲ್ಲಿ ಆ ಹಲಗೆ ಹಾಕಿಕೊಂಡ ಕಾರು ಒಂದನ್ನೂ ಕಂಡಿಲ್ಲ. ನೀವು ಕಂಡಿದ್ದೀರಾ?

ಈಗಂತೂ ಮೈಸೂರು ರಸ್ತೆಯಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳ ವೇಗಮಿತಿ 100 ಕಿ.ಮೀ. ಅಲ್ಲಿ ನೀವು 24ರಲ್ಲಿ ತೆವಳುತ್ತಿದ್ದರೆ ಹಿಂದಿನವನು ಸೆಕೆಂಡಿಗೆ 20 ಮೀಟರಿಗಿಂತ ಹೆಚ್ಚು ನಿಮ್ಮ ಹತ್ತಿರ ಬರುತ್ತಿರುತ್ತಾನೆ. ಸರ್ವಿಸ್ ರಸ್ತೆಗೆ ಇಳಿಯೋಣವೆಂದರೆ, ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನೆಲ್ಲ ಮುಖ್ಯರಸ್ತೆಯಿಂದ ಅಲ್ಲಿಗೇ ಕಳಿಸಿದ್ದಾರೆ. ನಿಮ್ಮ ಹಗ್ಗದ ಮಧ್ಯೆ ನುಗ್ಗುವವರು ಅಲ್ಲೇ ಇದ್ದಾರೆ!

"ಟೋಯಿಂಗ್‌ನವರು ಸಿಕ್ಕಾಪಟ್ಟೆ ಕೇಳ್ತಾರೆ, ಹಗ್ಗ ಪುಕ್ಕಟೆ" ಅನ್ನುತ್ತೀರಿ. ಒಪ್ಪುತ್ತೇನೆ, ಆವತ್ತು ನಾವೂ ಅದನ್ನೇ ಅಂದುಕೊಂಡಿದ್ದು. ಕೊನೆಗೆ ಎರಡು ಬಂಪರಿನ ಖರ್ಚು ಬಿತ್ತು. ಈಗ ಇನ್ಶೂರೆನ್ಸ್ ಜೊತೆಗೆ ರಸ್ತೆಬದಿ ನೆರವಿನ ಸೌಲಭ್ಯವನ್ನೂ ಸೇರಿಸಿಕೊಳ್ಳಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ, ಟೋಲ್ ಕಟ್ಟುತ್ತೇವಲ್ಲ, ಕೇಳುವ ಹಕ್ಕು ನಮ್ಮದು. ಕಾರನ್ನು ಎಡಕ್ಕೆ ಹಾಕಿ, ನಾಲ್ಕೂ ಇಂಡಿಕೇಟರ್ ಉರಿಸಿ, ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತುಕೊಳ್ಳಿ. ಚಪ್ಪಟೆ ಲಾರಿ ಬಂದು ಹೊತ್ತುಕೊಂಡು ಹೋಗಲಿ. ಆಟೋಮ್ಯಾಟಿಕ್ ಗೇರಿನ ಕಾರಿಗಂತೂ ಅದೇ ಸರಿ, ಚಕ್ರ ಉರುಳಿಸಿ ಎಳೆದರೆ ಗೇರ್‌ಬಾಕ್ಸೇ ಹಾಳಾಗಬಹುದು.

ಜೀವಕ್ಕೆ ಅಪಾಯವಿರುವ ಜಾಗದಿಂದ ನೂರು ಮೀಟರ್ ಸರಿಸಲೇಬೇಕಾದರೆ ಬೇರೆ ಮಾತು. ಆಗಲೂ ಹಗ್ಗವನ್ನು ಬಂಪರಿಗೆ ಕಟ್ಟಬೇಡಿ, ಟೂಲ್‌ಕಿಟ್ಟಿನಲ್ಲಿರುವ ಕೊಕ್ಕೆಯನ್ನು ಅದರ ಜಾಗಕ್ಕೆ ತಿರುಗಿಸಿ ಅದಕ್ಕೇ ಕಟ್ಟಿ. ನಡುವೆ ಒಂದು ಕೆಂಪು ಬಟ್ಟೆ ಇರಲಿ. ಕೀ ಆನ್ ಆಗಿಯೇ ಇರಲಿ. ಹಿಂದಿನ ಕಾರಿನಲ್ಲಿ ಡ್ರೈವರ್ ಬಿಟ್ಟು ಒಂದು ನರಪಿಳ್ಳೆಯೂ ಬೇಡ.

ಆ ನೈಲಾನ್ ಹಗ್ಗ ಈಗ ನಮ್ಮ ತಾರಸಿಯಲ್ಲಿ ಬಟ್ಟೆ ಒಣಹಾಕಲು ಬಳಕೆಯಾಗುತ್ತಿದೆ. ಅದರ ಸರಿಯಾದ ಕೆಲಸ ಅದೇ ಅನ್ನಿಸುತ್ತದೆ. ನೀವೇನಂತೀರಿ?