ಖರ್ಚಿನ ಲೆಕ್ಕದಲ್ಲಿ ಮಲೆನಾಡು ಎಲ್ಲಿದೆ?

ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಕೂಡಿಸಿ, ಎರಡರಿಂದ ಭಾಗಿಸಿ, ಬಂದ ಅಂಕಿಯನ್ನು ನೋಡಿ ಅಡಿಕೆಗೆ ಬೋರ್ಡೋ ಹೊಡೆಯುವ ದಿನ ಗೊತ್ತುಮಾಡುವ ಬೆಳೆಗಾರ ನಮ್ಮಲ್ಲಿ ಒಬ್ಬನೂ ಸಿಗಲಾರ. ಆದರೆ ಸಂಸಾರದ ಖರ್ಚಿನ ಮಾತು ಬಂದಾಗ ಇಂಥದೇ ಒಂದು ಸರಾಸರಿಯನ್ನು ಮುಂದಿಟ್ಟುಕೊಂಡು ನಮ್ಮ ಸ್ಥಿತಿಗತಿಯನ್ನು ಅಳೆಯಲಾಗುತ್ತದೆ. ನಾವೂ ಅದನ್ನು ಒಪ್ಪಿಕೊಂಡು ಸುಮ್ಮನಿರುತ್ತೇವೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ದೇಶದ ಕುಟುಂಬಗಳು ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತವೆ ಎಂಬುದನ್ನು ಕೇಂದ್ರ ಸರ್ಕಾರವು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೂಲಕ ತಿಳಿಯುತ್ತ ಬಂದಿದೆ. 1950ರಲ್ಲಿ ಆರಂಭವಾದ ವ್ಯವಸ್ಥೆ ಇದು. 2011-12ರ ಬಳಿಕ 2017-18ರಲ್ಲಿ ನಡೆದ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರ ಪ್ರಕಟಿಸಲಿಲ್ಲ. ಆಮೇಲೆ 2022-23 ಮತ್ತು 2023-24ರಲ್ಲಿ, ಸಾಲಾಗಿ ಎರಡು ವರ್ಷ ಸಮೀಕ್ಷೆ ನಡೆಯಿತು. ಎರಡನೆಯದರಲ್ಲಿ ದೇಶದಾದ್ಯಂತ 2,61,953 ಕುಟುಂಬಗಳನ್ನು ವಿಚಾರಿಸಲಾಯಿತು. ಅದರಂತೆ ಕರ್ನಾಟಕದ ಗ್ರಾಮಾಂತರದಲ್ಲಿ ತಲಾ ಮಾಸಿಕ ಬಳಕೆ ವೆಚ್ಚ 4,903 ರೂಪಾಯಿ, ಪಟ್ಟಣಗಳಲ್ಲಿ 8,076 ರೂಪಾಯಿ. ಇಡೀ ದೇಶದ ಗ್ರಾಮಾಂತರ ಸರಾಸರಿ 4,122 ರೂಪಾಯಿ.

ಈ 4,903 ರೂಪಾಯಿಯಲ್ಲಿ ಬೀದರಿನ ತೊಗರಿ ಬೆಳೆಗಾರನಿದ್ದಾನೆ, ಮಂಡ್ಯದ ಕಬ್ಬಿನವನಿದ್ದಾನೆ, ಮೂಡಿಗೆರೆಯ ಮೂರು ಎಕರೆ ಕಾಫಿಯವನೂ ತೋಟದ ಲೈನಿನಲ್ಲಿರುವ ಕಾರ್ಮಿಕನೂ ಇದ್ದಾರೆ. ಇಷ್ಟು ಜನರನ್ನು ಒಂದೇ ಮೂಟೆಗೆ ತುಂಬಿ ತೂಗಿದರೆ ಯಾರ ತೂಕವೂ ಗೊತ್ತಾಗದು.

ಇದಕ್ಕಿಂತ ಸಣ್ಣ ವಿಭಾಗದ ಅಂಕಿಯೇ ಇಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. ಮಾದರಿ ಸಮೀಕ್ಷೆಯವರು ಪ್ರತಿಯೊಂದು ದೊಡ್ಡ ರಾಜ್ಯವನ್ನೂ ಭೂಲಕ್ಷಣ ಮತ್ತು ಬೆಳೆಗಳ ಸಾಮ್ಯವನ್ನು ನೋಡಿ ಕೆಲವು ಪ್ರದೇಶಗಳಾಗಿ ವಿಂಗಡಿಸಿದ್ದಾರೆ. ಕರ್ನಾಟಕದಲ್ಲಿ ಇಂಥವು ನಾಲ್ಕು: ಕರಾವಳಿ ಮತ್ತು ಘಟ್ಟ, ಒಳನಾಡಿನ ಪೂರ್ವ, ಒಳನಾಡಿನ ದಕ್ಷಿಣ, ಒಳನಾಡಿನ ಉತ್ತರ. ಎರಡನೆಯದರ ಹೆಸರು ಕೇಳಿ ಅದು ಕೋಲಾರದ ಕಡೆಯದೆಂದು ಭಾವಿಸಬೇಡಿ. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು, ಈ ನಾಲ್ಕು ಜಿಲ್ಲೆಗಳು ಸೇರಿದ ಪ್ರದೇಶವದು. ಅಂದರೆ ಹೆಚ್ಚುಕಡಿಮೆ ನಮ್ಮದೇ ಸೀಮೆ. ಪ್ರತಿ ಕುಟುಂಬದ ದಾಖಲೆಯ ಮೇಲೂ ಪ್ರದೇಶದ ಸಂಖ್ಯೆ, ಜಿಲ್ಲೆಯ ಸಂಖ್ಯೆ ಇರುತ್ತವೆ. ಹೆಸರು, ವಿಳಾಸಗಳನ್ನು ತೆಗೆದ ಈ ಮೂಲ ದಾಖಲೆಗಳನ್ನು ಯಾರು ಬೇಕಾದರೂ ಪಡೆಯಬಹುದು. ವರದಿಯ ಮುಖ್ಯ ಕೋಷ್ಟಕಗಳು ರಾಜ್ಯದ ಮಟ್ಟದಲ್ಲೇ ನಿಂತಿರುವುದರಿಂದ, ಒಳಗಿರುವ ಈ ವಿವರ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಆದರೂ ಇರುವುದಕ್ಕಿಂತ ಹೆಚ್ಚನ್ನು ಈ ಅಂಕಿಗಳಿಂದ ನಿರೀಕ್ಷಿಸಬಾರದು. ಮಾದರಿ ಕಾಲುಭಾಗಕ್ಕೆ ಇಳಿದರೆ ಅಂದಾಜಿನ ತಪ್ಪು ಸುಮಾರು ಇಮ್ಮಡಿಯಾಗುತ್ತದೆ. ಆದುದರಿಂದ ಪ್ರದೇಶದ ಅಂಕಿಯನ್ನು ನಂಬುವಷ್ಟು ಜಿಲ್ಲೆಯ ಅಂಕಿಯನ್ನು ನಂಬಲಾಗದು. ತಾಲ್ಲೂಕಿನ ಅಂಕಿಯಂತೂ ಕೇಳಲೇಬಾರದು. ಪ್ರದೇಶದೊಳಗೂ ಸಕಲೇಶಪುರದ ಜೊತೆಗೆ ಅರಸೀಕೆರೆ, ಕೊಪ್ಪದ ಜೊತೆಗೆ ಕಡೂರು ಸೇರಿಕೊಂಡಿವೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳ ಅಡಿಕೆ ಸೀಮೆಯಾದರೋ ಉತ್ತರ ಕನ್ನಡ ಜಿಲ್ಲೆಯೊಡನೆ ಕರಾವಳಿಯ ಲೆಕ್ಕಕ್ಕೆ ಹೋಗಿದೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇದು ಬಳಕೆಯ ವೆಚ್ಚವೇ ಹೊರತು ಆದಾಯವಲ್ಲ. ಗೊಬ್ಬರ, ಕೂಲಿ, ಔಷಧಿಗೆ ತೋಟದಲ್ಲಿ ಸುರಿದ ಹಣ ಇದರಲ್ಲಿ ಸೇರುವುದಿಲ್ಲ. ಮನೆಯ ಗದ್ದೆಯ ಅಕ್ಕಿ, ಹಿತ್ತಲಿನ ಬಸಳೆಗೆ ಮಾತ್ರ ಬೆಳೆದಲ್ಲಿನ ದರದಂತೆ ಬೆಲೆ ಕಟ್ಟಿ ಸೇರಿಸುತ್ತಾರೆ. ರೋಗಿಯನ್ನು ಬಾಡಿಗೆ ಜೀಪಿನಲ್ಲಿ ದೂರದ ಆಸ್ಪತ್ರೆಗೆ ಒಯ್ದ ಖರ್ಚು, ಮಗನ ಓದಿಗೆ ಪಟ್ಟಣದಲ್ಲಿ ತೆತ್ತ ಶುಲ್ಕ ಹೆಚ್ಚಿದಷ್ಟೂ ಕಾಗದದ ಮೇಲೆ ನಾವು ಅನುಕೂಲಸ್ಥರಾಗಿ ಕಾಣುತ್ತೇವೆ. ದೂರಕ್ಕೆ ತೆರುವ ದಂಡವನ್ನು ಸುಖವೆಂದು ಎಣಿಸಬಾರದು. ಆದ್ದರಿಂದ ಮಲೆನಾಡಿನ ಒಟ್ಟು ಮೊತ್ತವೊಂದೇ ಸಾಲದು. ಆಹಾರಕ್ಕೆಷ್ಟು, ಚಿಕಿತ್ಸೆಗೆಷ್ಟು, ಪ್ರಯಾಣಕ್ಕೆಷ್ಟು, ಶಿಕ್ಷಣಕ್ಕೆಷ್ಟು ಎಂಬ ಬಾಬ್ತುವಾರು ವಿವರವೂ ಬೇಕು.

ಈ ದೃಷ್ಟಿಯಿಂದ ಸದಸ್ಯ ಬಾಂಧವರ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಮೊದಲನೆಯದಾಗಿ, ನಮ್ಮ ಸೀಮೆಯ ಸಹಕಾರ ಸಂಘಗಳು ಒಟ್ಟುಗೂಡಿ, ಪ್ರದೇಶವಾರು ಹಾಗೂ ಬಾಬ್ತುವಾರು ಕೋಷ್ಟಕಗಳನ್ನು ಕನ್ನಡದಲ್ಲಿ ಪ್ರಕಟಿಸುವಂತೆ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವನ್ನು ಕೇಳಬೇಕು. ಜನವರಿ 2025ರಿಂದ ಮಾದರಿ ಸಮೀಕ್ಷೆಗಳಲ್ಲಿ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಳ್ಳುವ ಕ್ರಮ ಬಂದಿರುವುದರಿಂದ ಇಂಥ ಬೇಡಿಕೆಗೆ ಇದು ತಕ್ಕ ಸಮಯ. ಎರಡನೆಯದಾಗಿ, ನಮ್ಮ ಮನವಿಗಳಲ್ಲಿ ರಾಜ್ಯದ ಸರಾಸರಿಯನ್ನು ಎತ್ತಿ ಬರೆಯುವ ರೂಢಿಯನ್ನು ಬಿಟ್ಟು, ಯಾವ ವರ್ಷದ, ಯಾವ ಪ್ರದೇಶದ ಅಂಕಿ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈಚಿನ ಎರಡು ಸಮೀಕ್ಷೆಗಳಲ್ಲಿ ಆಹಾರ, ದಿನಬಳಕೆಯ ಸಾಮಗ್ರಿ ಹಾಗೂ ಸೇವೆ, ಬಾಳಿಕೆಯ ವಸ್ತು ಎಂದು ಪ್ರಶ್ನೆಗಳನ್ನು ಮೂರು ಪಾಲು ಮಾಡಿ, ಒಂದೇ ಮನೆಗೆ ಮೂರು ತಿಂಗಳು ಮೂರು ಬಾರಿ ಬಂದು ಕೇಳಿದ್ದಾರೆ. ಕೊಯ್ಲಿನ ಗಡಿಬಿಡಿಯಲ್ಲಿ ಇದು ತೊಂದರೆಯೆನಿಸುವುದು ಸಹಜ. ತೆರಿಗೆಯವರೆಂದು ಹೆದರಿ ಕಡಿಮೆ ಹೇಳುವವರೂ ಉಂಟು, ಪ್ರತಿಷ್ಠೆಗೆ ಹೆಚ್ಚು ಹೇಳುವವರೂ ಉಂಟು. ಒಂದು ಹಳ್ಳಿಯಲ್ಲಿ ಕೇಳುವುದೇ ಹದಿನೆಂಟು ಮನೆಗಳ ಆಸುಪಾಸು. ಅದರಲ್ಲಿ ನಾಲ್ಕು ಮನೆಯವರು ಬಾಯಿಗೆ ಬಂದದ್ದನ್ನು ಬರೆಸಿದರೆ ಇಡೀ ಸೀಮೆಯ ಲೆಕ್ಕವೇ ಕೆಡುತ್ತದೆ.

ನಿಜವಾದ ಉತ್ತರವನ್ನು ನಾವು ಕೊಡದೆ, ಸರಿಯಾದ ಲೆಕ್ಕವನ್ನು ಸರ್ಕಾರದಿಂದ ಕೇಳುವ ಹಕ್ಕು ನಮಗಿರಲಾರದು. ಸಂಘಗಳ ಮುಂದಿನ ಮಹಾಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬಂದು, ಒಂದು ನಿರ್ಣಯದ ರೂಪ ತಾಳಲೆಂದು ಆಶಿಸುತ್ತೇವೆ.