ನಲ್ಲಿಯ ನೀರು, ಸೀಸೆಯ ನೀರು

ಮದುವೆಯ ಪಂಕ್ತಿಯಲ್ಲಿ ಬಾಳೆಯೆಲೆಯ ಬದಿಗೆ ನೀರಿನ ಲೋಟವಿರುತ್ತಿದ್ದ ಸ್ಥಾನವನ್ನು ಈಗ ಗೇಣುದ್ದದ ಪ್ಲಾಸ್ಟಿಕ್ ಸೀಸೆ ಆಕ್ರಮಿಸಿಕೊಂಡಿದೆ. ಸಭೆಯ ವೇದಿಕೆಯಲ್ಲಿ, ಕಚೇರಿಯ ಮೇಜಿನ ಮೇಲೆ, ರೋಗಿಯ ತಲೆದೆಸೆಯಲ್ಲಿ ಎಲ್ಲೆಲ್ಲಿಯೂ ಅದೇ ಕಾಣುತ್ತದೆ. ಬೇಸಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡಿಸಿ, ಅವುಗಳ ನಿರ್ವಹಣೆಗೆಂದು ಬಿಟ್ಟ ದತ್ತಿಗಳನ್ನು ಶಿಲಾಶಾಸನಗಳಲ್ಲಿ ಕೆತ್ತಿಸಿದ ನಾಡಿನಲ್ಲಿ ನೀರು ಹೀಗೆ ಮಾರಾಟದ ಸರಕಾದುದಕ್ಕೆ ವ್ಯಥೆಪಡುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಗತಕಾಲದ ಸ್ಮರಣೆಯಿಂದ ವರ್ತಮಾನದ ಪ್ರಶ್ನೆ ಇತ್ಯರ್ಥವಾಗುವುದಿಲ್ಲ. ಹಣ ತೆತ್ತು ಕೊಳ್ಳುವ ಸೀಸೆಯ ನೀರು ಮನೆಯ ನಲ್ಲಿಯಲ್ಲಿ ಬರುವ ನೀರಿಗಿಂತ, ಆ ಹಣಕ್ಕೆ ತಕ್ಕಷ್ಟು ಉತ್ತಮವಾದುದೆ ಎಂಬುದೇ ಇಲ್ಲಿ ವಿಚಾರ ಮಾಡತಕ್ಕ ವಿಷಯ. ಶುದ್ಧೀಕರಿಸಿದ ನದಿಯ ನೀರು ಕೊಳವೆಯ ಮೂಲಕ ತಲಪುವ ಊರುಗಳಲ್ಲಿ, ನಿತ್ಯದ ಬಳಕೆಗೆ, ಸೀಸೆಯ ನೀರು ಹಾಗೆ ಉತ್ತಮವಾದುದಲ್ಲವೆಂದೇ ನನ್ನ ನಿಶ್ಚಿತವಾದ ಅಭಿಪ್ರಾಯ.

ಹೀಗೆಂದ ಮಾತ್ರಕ್ಕೆ ಜನರ ಭಯವನ್ನು ಭ್ರಮೆಯೆಂದು ತಳ್ಳಿಹಾಕುವುದು ನ್ಯಾಯವಾಗದು. 2022ರಲ್ಲಿ ರಾಯಚೂರು ನಗರದಲ್ಲಿಯೂ, ಮರುವರ್ಷದ ಆಗಸ್ಟ್ ತಿಂಗಳಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತವಾದ ನೀರನ್ನು ಕುಡಿದು ವಾಂತಿಭೇದಿಗೆ ತುತ್ತಾದವರಲ್ಲಿ ಹಲವರು ಪ್ರಾಣವನ್ನೇ ಕಳೆದುಕೊಂಡರು. 2019ರಲ್ಲಿ ಕೇಂದ್ರ ಸರ್ಕಾರವು ರಾಜಧಾನಿಗಳ ನಲ್ಲಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಮುಂಬಯಿಯ ಮಾದರಿಗಳೆಲ್ಲವೂ ತೇರ್ಗಡೆಯಾದುವು. ಬೆಂಗಳೂರಿನ ಮಾದರಿಗಳಲ್ಲಿ ಒಂದೂ ಪ್ರಮಾಣಕ್ಕೆ ಪೂರ್ತಿಯಾಗಿ ಹೊಂದಲಿಲ್ಲ. ಹಲವು ಅಂಶಗಳಲ್ಲಿ ಒಂದು ತಪ್ಪಿದರೂ ಮಾದರಿಯು ಅನುತ್ತೀರ್ಣವೆನಿಸುವುದರಿಂದ ಆ ನೀರೆಲ್ಲ ವಿಷವೆಂದು ತಿಳಿಯಬೇಕಾಗಿಲ್ಲವಾದರೂ, ಒಂದು ನಗರಕ್ಕೆ ಸಾಧ್ಯವಾದುದು ಮತ್ತೊಂದಕ್ಕೆ ಏಕೆ ಸಾಧ್ಯವಾಗಲಿಲ್ಲವೆಂಬ ಪ್ರಶ್ನೆಯನ್ನು ಕೇಳದೆ ಇರುವಂತಿಲ್ಲ.

ನೀರು ಕೆಡುವುದು ಎಲ್ಲಿ? ಜಲಾಶಯದಿಂದ ಎತ್ತಿದ ನೀರಿಗೆ ಪಟಿಕವನ್ನು ಬೆರಸಿ ಮಣ್ಣನ್ನು ತಳಕ್ಕಿಳಿಸಿ, ಮರಳಿನ ಪದರಗಳಲ್ಲಿ ಸೋಸಿ, ಕೊನೆಗೆ ಕ್ಲೋರಿನ್ ಸೇರಿಸಿ ಹೊರಬಿಡುವ ಶುದ್ಧೀಕರಣ ಸ್ಥಾವರದ ಬಾಗಿಲಿನಲ್ಲಿ ಅದು ಸಾಮಾನ್ಯವಾಗಿ ಕುಡಿಯಲು ಯೋಗ್ಯವಾಗಿಯೇ ಇರುತ್ತದೆ. ಅಲ್ಲಿಂದ ಮುಂದಿನ ಪ್ರಯಾಣದಲ್ಲಿದೆ ಅಪಾಯ. ನಮ್ಮ ಊರುಗಳಲ್ಲಿ ನೀರನ್ನು ಇಷ್ಟು ದಿನಕ್ಕೊಮ್ಮೆ, ಇಷ್ಟು ಗಂಟೆಯ ಹೊತ್ತು ಎಂದು ಬಿಡುವ ಪದ್ಧತಿಯಿದೆಯಷ್ಟೆ. ನೀರುಗಂಟಿಯು ವಾಲ್ವನ್ನು ತಿರುಗಿಸಿ ನಿಲ್ಲಿಸಿದ ಕೂಡಲೇ ಕೊಳವೆಯು ಬರಿದಾಗುತ್ತ ಅದರೊಳಗಿನ ಒತ್ತಡವು ಕುಗ್ಗುತ್ತದೆ, ಮತ್ತು ಅದೇ ಬೀದಿಯ ನೆಲದಲ್ಲಿ ಅದಕ್ಕೆ ಸಮೀಪವಾಗಿ ಹಾಯ್ದಿರುವ ಒಳಚರಂಡಿಯಿಂದ ಜಿನುಗಿದ ಹೊಲಸು, ಬಿರುಕುಬಿಟ್ಟ ಸಂದುಗಳ ಮೂಲಕ, ಒತ್ತಡವಿಲ್ಲದ ಆ ಕೊಳವೆಯೊಳಕ್ಕೆ ಎಳೆಯಲ್ಪಡುತ್ತದೆ. ಸದಾಕಾಲ ತುಂಬಿ ಹರಿಯುವ ಕೊಳವೆಯಲ್ಲಿಯೂ ಬಿರುಕುಗಳಿರಬಹುದು. ಆದರೆ ಅಲ್ಲಿ ಒಳಗಿನ ನೀರು ಹೊರಕ್ಕೆ ಸೋರುವುದೇ ಹೊರತು ಹೊರಗಿನ ಹೊಲಸು ಒಳಕ್ಕೆ ನುಗ್ಗಲಾರದು.

ಇದು ಊಹೆಯ ಮಾತಲ್ಲ; ನಮ್ಮ ನಾಡಿನಲ್ಲಿಯೇ ಪ್ರಯೋಗದಿಂದ ದೃಢಪಟ್ಟ ಸಂಗತಿ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಆಯ್ದ ಕೆಲವು ವಾರ್ಡುಗಳಲ್ಲಿ, ಪ್ರತಿ ನಗರದ ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಪಾಲಿಗೆ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹಳೆಯ ಕೊಳವೆಗಳನ್ನು ಬದಲಾಯಿಸಿ, 2008ರ ಹೊತ್ತಿಗೆ ಹಗಲೂ ಇರುಳೂ ನೀರು ಬರುವ ವ್ಯವಸ್ಥೆಯನ್ನು ಮಾಡಲಾಯಿತು. ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಉಳಿದ ಬಡಾವಣೆಗಳಲ್ಲಿ ಜನರು ಹಲವು ದಿನಗಳಿಗೊಮ್ಮೆ ನಳಕ್ಕೆ ನೀರು ಬಿಡುವ ವೇಳೆಯನ್ನೇ ಕಾದಿದ್ದು ಕೊಡ ಬ್ಯಾರಲುಗಳನ್ನು ತುಂಬಿಕೊಳ್ಳುತ್ತಿದ್ದರು. ಒಂದೇ ನಗರದಲ್ಲಿ, ಮಲಪ್ರಭೆ ಮತ್ತು ನೀರಸಾಗರಗಳ ಅದೇ ನೀರು, ಎರಡು ಬಗೆಯ ಕೊಳವೆಗಳಲ್ಲಿ ಹರಿಯುತ್ತಿದ್ದುದನ್ನು ಕಂಡು, ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದ ಸಂಶೋಧಕರು ಎರಡೂ ಕಡೆಯ ನಳಗಳ ನೀರನ್ನು ವರ್ಷದುದ್ದಕ್ಕೂ ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಟ್ಟುಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಹೆಚ್ಚುಕಡಮೆ ಮೂರರಲ್ಲೊಂದರಲ್ಲಿ ಮಲಮೂಲದ ಇ-ಕೋಲಿ ಜೀವಾಣುಗಳು ಕಂಡುಬಂದುವು. ನಿರಂತರವಾಗಿ ಬರುವ ನಳಗಳಲ್ಲಿ ನೂರಕ್ಕೆ ಒಂದು ಮಾದರಿಯಲ್ಲಿಯೂ ಅವು ಕಾಣಲಿಲ್ಲವೆನ್ನಬಹುದು. ನದಿಯು ಬದಲಾಗಲಿಲ್ಲ, ಸೀಸೆಯೊಂದೂ ನಡುವೆ ಬರಲಿಲ್ಲ. ಬದಲಾದುದು ಕೊಳವೆಯೂ ಅದರೊಳಗಿನ ಒತ್ತಡವೂ ಮಾತ್ರ. ನೀರಿನ ಶುದ್ಧಿಯನ್ನು ಕುರಿತು ನಮ್ಮ ನಾಡಿನಲ್ಲಿ ನಡೆದಿರುವ ಅನ್ವೇಷಣೆಗಳಲ್ಲಿ ಇದಕ್ಕಿಂತ ಹೆಚ್ಚು ಬೋಧಪ್ರದವಾದುದನ್ನು ನಾನು ಕಾಣೆ; ಹಾಗಿದ್ದೂ ಈ ವ್ಯವಸ್ಥೆಯನ್ನು ಅವಳಿ ನಗರದ ಎಲ್ಲ ಮನೆಗಳಿಗೂ ವಿಸ್ತರಿಸುವ ಕಾರ್ಯವು ಹದಿನೈದು ವರ್ಷಗಳು ಕಳೆದ ಮೇಲೂ ಪೂರ್ಣವಾಗದೆ ಉಳಿದುದು ತೀರ ಶೋಚನೀಯವಾದ ವಿಷಯ.

ಇನ್ನು ಕೊಳವೆಯನ್ನು ದಾಟಿ ಬಂದ ನೀರು ನಮ್ಮ ಅಂಗಳದಲ್ಲಿಯೇ ಕೆಡುವುದೂ ಉಂಟು. ವರ್ಷಗಟ್ಟಲೆ ತೊಳೆಯದ ಸಂಪು, ಮುಚ್ಚಳ ಸರಿದ ಮೇಲಿನ ಟ್ಯಾಂಕು, ಕೈ ಅದ್ದಿ ಮೊಗೆಯುವ ಅಭ್ಯಾಸ, ಇವುಗಳ ದೋಷವನ್ನು ಜಲಮಂಡಲಿಯ ಮೇಲೆ ಹೊರಿಸುವುದು ಸರಿಯಲ್ಲ. ರೋಗಾಣುಗಳ ಮಟ್ಟಿಗೆ, ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿ ಮುಚ್ಚಿಟ್ಟ ನೀರಿಗಿಂತ ಹೆಚ್ಚಿನ ರಕ್ಷಣೆಯನ್ನು ಯಾವ ಸೀಸೆಯೂ ಕೊಡಲಾರದು.

ಸೀಸೆಯೊಳಗೆ ಇರುವುದಾದರೂ ಏನು? ಅಂಗಡಿಯಲ್ಲಿ ಮಿನರಲ್ ವಾಟರ್ ಎಂದು ಕೇಳಿ ನಾವು ಪಡೆಯುವುದರಲ್ಲಿ ಬಹುಪಾಲು ಖನಿಜಯುಕ್ತವಾದ ಚಿಲುಮೆಯ ನೀರಲ್ಲ. ಅಂತಹ ಚಿಲುಮೆಯ ನೀರಿಗೆ ಐಎಸ್ 13428 ಎಂಬ ಬೇರೆ ಮಾನದಂಡವಿದೆ. ನಮಗೆ ದೊರೆಯುವುದು ಐಎಸ್ 14543ರ ವರ್ಗಕ್ಕೆ ಸೇರಿದ ಸಾಮಾನ್ಯ ಕುಡಿಯುವ ನೀರು, ಎಂದರೆ ಹೆಚ್ಚಾಗಿ ಯಾವುದೋ ಬೋರ್‌ವೆಲ್ಲಿನಿಂದ ಎತ್ತಿ, ಆರ್‌ಓ ಯಂತ್ರದಲ್ಲಿ ಲವಣಗಳನ್ನು ತೆಗೆದು, ಓಝೋನನ್ನು ಹಾಯಿಸಿ ತುಂಬಿದ ನೀರು. ಕ್ರಮಬದ್ಧವಾಗಿ ನಡೆಯುವ ಕಾರ್ಖಾನೆಯಲ್ಲಿ ತಯಾರಾದುದು ಸುರಕ್ಷಿತವಾಗಿಯೇ ಇರುತ್ತದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮೊಹರು ಹಾಕಿದುದೆಲ್ಲ ನಿರ್ದೋಷವೆಂಬ ನಂಬಿಕೆಗೆ ಆಧಾರವಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2003ರಲ್ಲಿ ಪ್ರಸಿದ್ಧ ಹೆಸರುಗಳ ಸೀಸೆಗಳಲ್ಲಿಯೇ ಕೀಟನಾಶಕಗಳ ಶೇಷವನ್ನು ಕಂಡುಹಿಡಿದು ಪ್ರಕಟಿಸಿದ ಮೇಲೆ ಸರ್ಕಾರವು ಮಾನದಂಡವನ್ನು ಬಿಗಿಗೊಳಿಸಬೇಕಾಯಿತು. 2024ರ ಕೊನೆಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಸೀಸೆಯ ನೀರನ್ನು ಹೆಚ್ಚು ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿ ಪ್ರತಿವರ್ಷದ ತಪಾಸಣೆಯನ್ನು ವಿಧಿಸಿತು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಆ ದೇಶದಲ್ಲಿ ಮಾರಾಟವಾಗುವ ಮೂರು ಬಗೆಯ ಸೀಸೆಗಳ ನೀರಿನಲ್ಲಿ ಲೀಟರೊಂದಕ್ಕೆ ಸರಾಸರಿ ಸುಮಾರು 2,40,000 ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು. ಆ ಕಣಗಳಿಂದ ದೇಹಕ್ಕೆ ಎಷ್ಟು ಹಾನಿಯೆಂಬುದನ್ನು ವಿಜ್ಞಾನವು ಇನ್ನೂ ನಿರ್ಣಯಿಸಿಲ್ಲವಾದುದರಿಂದ ಹೆದರಿಸುವ ಉದ್ದೇಶ ನನಗಿಲ್ಲ. ಪರಿಶುದ್ಧಿಯ ಹೆಸರಿನಲ್ಲಿ ಕೊಂಡುದರಲ್ಲಿ ಇದೂ ಸೇರಿದೆಯೆಂಬುದನ್ನು ಗ್ರಾಹಕನು ತಿಳಿದಿರಬೇಕು. ಇಪ್ಪತ್ತು ಲೀಟರಿನ ಕ್ಯಾನುಗಳ ಸ್ಥಿತಿಯಂತೂ ಇನ್ನೂ ಅನಿಶ್ಚಿತ: ಅವು ಮನೆಯಿಂದ ಮನೆಗೆ ತಿರುಗಿ ಬರುವಂಥವು, ಅವನ್ನು ತೊಳೆದವರು ಯಾರು, ಹೇಗೆ ತೊಳೆದರು ಎಂಬುದು ಕೊಳ್ಳುವವನ ಕಣ್ಣಿಗೆ ಬೀಳುವುದಿಲ್ಲ.

ಬೆಲೆಯ ಮಾತು ದೀರ್ಘವಾಗಬೇಕಾಗಿಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರವನ್ನು ಕ್ರಮಿಸಿ, ಅರ್ಧ ಕಿಲೋಮೀಟರಿನಷ್ಟು ಎತ್ತರವನ್ನು ಪಂಪುಗಳ ಬಲದಿಂದ ಏರಿ ಬೆಂಗಳೂರಿನ ಮನೆಯನ್ನು ಮುಟ್ಟುತ್ತದೆ. ಕಡಿಮೆ ಬಳಸುವ ಮನೆಯವರು ಅದಕ್ಕೆ ತೆರುವ ನೀರಿನ ದರ, 2025ರ ಏರಿಕೆಯ ನಂತರವೂ, ಸಾವಿರ ಲೀಟರಿಗೆ ಹತ್ತು ರೂಪಾಯಿಗಳನ್ನು ಮೀರದು. ಲೀಟರಿಗೆ ಇಪ್ಪತ್ತು ರೂಪಾಯಿಯಂತೆ ಅಷ್ಟೇ ನೀರನ್ನು ಸೀಸೆಗಳಲ್ಲಿ ಕೊಂಡರೆ ಇಪ್ಪತ್ತು ಸಾವಿರ ರೂಪಾಯಿ. ಈ ಎರಡು ಸಾವಿರ ಪಟ್ಟಿನ ಅಂತರಕ್ಕೆ ಸಮನಾದ ಗುಣಭೇದವು ಯಾವ ಪರೀಕ್ಷೆಯಲ್ಲಿಯೂ ಕಂಡುಬರುವುದಿಲ್ಲ.

ಪ್ರಯಾಣದಲ್ಲಿ, ನೆರೆಹಾವಳಿಯ ಸಮಯದಲ್ಲಿ, ಮೂಲವನ್ನರಿಯದ ಊರಿನಲ್ಲಿ ಸೀಸೆಯನ್ನು ಕೊಳ್ಳುವುದು ವಿವೇಕವೇ ಸರಿ. ಇದಕ್ಕಿಂತ ಗಂಭೀರವಾದ ಅಪವಾದವೊಂದಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿಗಳಂತಹ ಸೀಮೆಗಳಲ್ಲಿ ಆಳದ ಬೋರ್‌ವೆಲ್ಲಿನ ನೀರಿನೊಡನೆ ಫ್ಲೋರೈಡ್ ಮೇಲಕ್ಕೆ ಬರುತ್ತದೆ; ಅದರ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಆ ನೀರು ಮಕ್ಕಳ ಹಲ್ಲನ್ನು ಕಲೆಗೊಳಿಸಿ, ವರ್ಷಗಳು ಕಳೆದಂತೆ ಎಲುಬುಗಳನ್ನು ಬಾಗಿಸುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಇಲ್ಲಿ ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಐದು ರೂಪಾಯಿಯ ನಾಣ್ಯವನ್ನು ಹಾಕಿ ಕ್ಯಾನನ್ನು ತುಂಬಿಕೊಂಡು ಹೋಗುವ ತಾಯಿಗೆ ನಲ್ಲಿಯ ನೀರನ್ನೇ ಕುಡಿಯೆಂದು ಹೇಳುವುದು ಕ್ರೌರ್ಯ. ಅವಳಿಗೆ ಸಲ್ಲಬೇಕಾದುದು ಕೆಟ್ಟು ನಿಲ್ಲದ ಘಟಕ, ಮುಂದೆ ನದಿಮೂಲದ ನೀರು.

ನನ್ನ ಮುಖ್ಯವಾದ ಆಕ್ಷೇಪಣೆ ಬೇರೆಯದು. ಊರಿನಲ್ಲಿ ಮಾತು ನಡೆಯುವವರು, ಅಧಿಕಾರಿಗಳನ್ನು ಪ್ರಶ್ನಿಸಬಲ್ಲವರು, ಪತ್ರಿಕೆಗೆ ಬರೆಯಬಲ್ಲವರು, ತಮ್ಮ ಮನೆಯ ದಾಹಕ್ಕೆ ಕ್ಯಾನುಗಳನ್ನು ತರಿಸಿಕೊಂಡು ನಿಶ್ಚಿಂತರಾದೊಡನೆ ನಲ್ಲಿಯ ನೀರನ್ನು ಕುರಿತು ಕೇಳುವವರೇ ಇಲ್ಲವಾಗುತ್ತಾರೆ; ಕೊಳ್ಳಲಾರದವರು ಮಾತ್ರ ಅದನ್ನು ಕುಡಿಯುತ್ತ ಉಳಿಯುತ್ತಾರೆ. ಒಡಿಶಾದ ಪುರಿಯಲ್ಲಿ 2021ರಿಂದ ನಲ್ಲಿಯ ನೀರನ್ನು ನೇರವಾಗಿ ಕುಡಿಯಬಹುದೆಂದು ಸರ್ಕಾರವು ಘೋಷಿಸಿ, ಯಾತ್ರಿಕರಿಗೆ ಬೀದಿಗಳಲ್ಲಿ ಕುಡಿಯುವ ನೀರಿನ ನಲ್ಲಿಗಳನ್ನು ಇರಿಸಿತು. ಅಂತಹ ಧೈರ್ಯದ ಘೋಷಣೆಯನ್ನು ಮೈಸೂರೋ ಮಂಗಳೂರೋ ಧಾರವಾಡವೋ ಏಕೆ ಮಾಡಬಾರದು? ಅದಕ್ಕೆ ಮೊದಲು ತೀರ ಸಣ್ಣದೊಂದು ಕೆಲಸವನ್ನು ಪ್ರತಿಯೊಂದು ನಗರಸಭೆಯಿಂದಲೂ ನಾವು ಕೇಳಬಹುದು. ನಲ್ಲಿಯ ತುದಿಯಲ್ಲಿ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಮಿನಷ್ಟು ಉಳಿದಿರಬೇಕೆಂದು ಐಎಸ್ 10500 ಎಂಬ ಮಾನದಂಡವು ಹೇಳುತ್ತದೆ. ಅದನ್ನು ಅಳೆಯಲು ಬೇಕಾದುದು ಒಂದು ಗಾಜಿನ ನಳಿಗೆ, ಬಣ್ಣ ಬರಿಸುವ ಒಂದು ಗುಳಿಗೆ, ಕೆಲವು ನಿಮಿಷಗಳ ಕಾಲ. ಪ್ರತಿ ವಾರ್ಡಿನ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಈ ಅಳತೆಯನ್ನು ನೀರು ಬಿಟ್ಟ ದಿನವೇ ತೆಗೆದು, ಜೀವಾಣು ಪರೀಕ್ಷೆಯ ಫಲಿತಾಂಶದೊಡನೆ ಕನ್ನಡದಲ್ಲಿ ಅಚ್ಚುಮಾಡಿ, ತಿಂಗಳ ನೀರಿನ ಬಿಲ್ಲಿನ ಹಿಂಬದಿಯಲ್ಲಿ ಪ್ರತಿಯೊಂದು ಮನೆಗೂ ತಲಪಿಸಲಿ.