ಬಿದ್ದ ಕಮಾನನ್ನು ಮತ್ತೆ ಕಟ್ಟಬೇಕೆ?

ಗ್ವಾಟೆಮಾಲಾದ ಬೆಟ್ಟಸೀಮೆಯಲ್ಲಿರುವ ಆಂಟಿಗ್ವಾ ನಗರದ ಹೆಸರಿಗೆ 'ಹಳೆಯದು' ಎಂದೇ ಅರ್ಥ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಪಾಂಚೊಯ್ ಕಣಿವೆಯಲ್ಲಿದೆ ಈ ಊರು. ಹತ್ತಿರದಲ್ಲೇ ಮೂರು ಜ್ವಾಲಾಮುಖಿಗಳು: ಆಗ್ವಾ ಎಂದರೆ ನೀರು, ಫ್ವೆಗೊ ಎಂದರೆ ಬೆಂಕಿ, ಮೂರನೆಯದು ಅಕತೆನಾಂಗೊ. 1541ರಲ್ಲಿ ಆಗ್ವಾದ ಇಳಿಜಾರಿನಿಂದ ನುಗ್ಗಿಬಂದ ಕೆಸರಿನಲ್ಲಿ ಸ್ಪೇನಿನವರ ಹಿಂದಿನ ರಾಜಧಾನಿ ಹೂತುಹೋಯಿತು. ಎರಡು ವರ್ಷಗಳ ಬಳಿಕ ಈ ಕಣಿವೆಯಲ್ಲಿ ಚೌಕಮನೆಯಂತಹ ಬೀದಿಗಳ ಹೊಸ ನಗರ ಎದ್ದಿತು. ಚಿಯಾಪಾಸ್‌ನಿಂದ ಕೋಸ್ಟರಿಕಾದವರೆಗಿನ ನಾಡನ್ನು ಇಲ್ಲಿಂದಲೇ ಆಳುತ್ತಿದ್ದರು.

1773ರ ಜುಲೈ 29ರ ಭೂಕಂಪ ಈ ನಗರವನ್ನು ಕೆಡವಿತು. ರಾಜಧಾನಿಯನ್ನೇ ಬೇರೆಡೆಗೆ ಒಯ್ಯಬೇಕೆಂದು ಆಡಳಿತದ ಮುಖ್ಯಸ್ಥ ಮಾರ್ತಿನ್ ದೆ ಮಾಯೊರ್ಗಾ ಹಟ ಹಿಡಿದ. ಕೂಡದೆಂದು ಆರ್ಚ್‌ಬಿಷಪ್ ಕೊರ್ತೆಸ್ ಇ ಲರ್ರಾಸ್ ವಿರೋಧಿಸಿದ. ಗೆದ್ದದ್ದು ಆಡಳಿತ. 1776ರಲ್ಲಿ ರಾಜಧಾನಿ ಇಂದಿನ ಗ್ವಾಟೆಮಾಲಾ ಸಿಟಿಗೆ ಹೋಯಿತು. ಕಟ್ಟಡಗಳ ಸಾಮಗ್ರಿಯೂ ಅದರ ಹಿಂದೆ ಹೋಯಿತು. ಊರು ಬಿಡಲೊಲ್ಲದೆ ಉಳಿದವರ ಕೈಯಲ್ಲಿ ಬಿದ್ದದ್ದನ್ನು ಎತ್ತಿ ಕಟ್ಟುವಷ್ಟು ಹಣವಿರಲಿಲ್ಲ. ಯಾರ ದೂರದೃಷ್ಟಿಯೂ ಅಲ್ಲ, ಬಡತನವೇ ಈ ಊರನ್ನು ಕಾಪಾಡಿತು.

ಈಗ ಬಡತನದ ನೆಪವಿಲ್ಲ. 1979ರಿಂದ ಆಂಟಿಗ್ವಾ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಪ್ರವಾಸಿಗರೂ ಬರುತ್ತಾರೆ, ಹಣವೂ ಬರುತ್ತದೆ. ಹಾಗಾದರೆ ಬಿದ್ದ ಚರ್ಚುಗಳನ್ನು ಮೊದಲಿದ್ದಂತೆ ಕಟ್ಟಿಬಿಡಬಾರದೇಕೆ?

ಕಟ್ಟಬೇಕೆನ್ನುವವರ ವಾದ ಹುರುಳಿಲ್ಲದ್ದೇನಲ್ಲ. ಸಾನ್ ಫ್ರಾನ್ಸಿಸ್ಕೊ ಚರ್ಚನ್ನು ಇಪ್ಪತ್ತನೇ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಲಾಯಿತು. 2002ರಲ್ಲಿ ಸಂತ ಪದವಿ ಪಡೆದ ಎರ್ಮಾನೊ ಪೆದ್ರೊನ ಸಮಾಧಿ ಅಲ್ಲಿದೆ, ಹರಕೆ ಹೊತ್ತವರು ಇಂದಿಗೂ ಬರುತ್ತಾರೆ. ಮೊಣಕಾಲೂರಿ ಪ್ರಾರ್ಥಿಸುವವರಿಗೆ ಸೂರು ಬೇಕು. ಅವರ ಮುಂದೆ ಪಾಳುಗೋಡೆಯ ಸೊಬಗನ್ನು ಹೊಗಳುವುದು ಉದ್ಧಟತನ. ಆದರೆ ಬಳಸುವವರೇ ಇಲ್ಲದ ಕಟ್ಟಡಕ್ಕೆ ಈ ಮಾತು ಸಲ್ಲದು.

ಊರಿನ ಪಶ್ಚಿಮದ ಅಂಚಿನ ಲಾ ರೆಕೊಲೆಕ್ಸಿಯೊನ್ ಇದಕ್ಕೆ ಸಾಕ್ಷಿ. ಚಾವಣಿಯ ತುಂಡುಗಳು ಅಲ್ಲಿ ಬಿದ್ದಲ್ಲೇ ಬಿದ್ದಿವೆ. ಆಳೆತ್ತರದ ಹೆಂಟೆಗಳು, ಒಡೆದ ಮೈಯಲ್ಲಿ ಇಟ್ಟಿಗೆಯ ಸಾಲು, ನಡುವೆ ಗಾರೆಯ ಪಟ್ಟಿ. ಕಮಾನಿನ ಬಾಗು ಕೆಲವದರಲ್ಲಿ ಹಾಗೆಯೇ ಉಳಿದಿದೆ, ಆದರೆ ಅದೀಗ ಆಕಾಶಕ್ಕಲ್ಲ, ನೆಲಕ್ಕೆ ಮುಖ ಮಾಡಿದೆ. ಯಾವ ಭಾರ ಯಾವ ದಿಕ್ಕಿಗೆ ಉರುಳಿತೆಂಬುದನ್ನು ಅಲ್ಲೇ ಓದಬಹುದು. ಇವನ್ನು ಸರಿಸಿ ಹೊಸ ಚಾವಣಿ ಹೊದಿಸಿದರೆ ಸಿಗುವುದು ಹಳೆಯ ಚರ್ಚಲ್ಲ, ಅದರ ಸಿಮೆಂಟಿನ ನಕಲು. ಭೂಕಂಪದ ಗುರುತೂ ಅಳಿಸಿಹೋಗುತ್ತದೆ.

ನಿಂತ ಕಟ್ಟಡ ಅರ್ಥವಾಗುವುದೂ ಬಿದ್ದದ್ದರ ಪಕ್ಕದಲ್ಲೇ. 1767ರಲ್ಲಿ ಮುಗಿದ ಲಾ ಮೆರ್ಸೆದ್ ಚರ್ಚಿನ ಗೋಡೆಗಳು ದಪ್ಪ, ಗೋಪುರಗಳು ಗಿಡ್ಡ. ಹಳದಿ ಮೈಮೇಲಿನ ಬಿಳಿ ಗಾರೆಯ ಕುಸುರಿ ಕಣ್ಣು ಸೆಳೆದರೂ, ಅದನ್ನು ಉಳಿಸಿದ್ದು ಕುಳ್ಳಗಿನ ಮೈಕಟ್ಟು. 1717ರ ಭೂಕಂಪದಿಂದ ಪಾಠ ಕಲಿತ ಊರಿನ ಕಟ್ಟಡವಿದು. ಆರು ವರ್ಷಕ್ಕೇ ಬಂದ ದೊಡ್ಡ ಕಂಪನವನ್ನು ತಾಳಿಕೊಂಡಿತು. ಎಲ್ಲ ಚರ್ಚುಗಳೂ ನೆಟ್ಟಗೆ ನಿಂತಿದ್ದರೆ ಈ ಗಿಡ್ಡತನ ಬರೀ ಅಂದಗೇಡಿನಂತೆ ಕಾಣುತ್ತಿತ್ತು.

ಕ್ಯಾಥೆಡ್ರಲ್‌ನ ಏರ್ಪಾಟು ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಮುಂಭಾಗದಲ್ಲಿ ಪೂಜೆ ನಡೆಯುತ್ತದೆ. ಹಿಂದೆ ಚಾವಣಿಯಿಲ್ಲದ ಕಮಾನುಗಳು ಮಳೆಬಿಸಿಲಿಗೆ ತೆರೆದು ನಿಂತಿವೆ. ಬೇಕಾದಷ್ಟನ್ನು ದುರಸ್ತಿ ಮಾಡಿ, ಉಳಿದದ್ದು ಇನ್ನಷ್ಟು ಬೀಳದಂತೆ ಊರೆಕೊಟ್ಟು ಬಿಡುವುದೇ ಸರಿಯಾದ ದಾರಿ. 1976ರ ಫೆಬ್ರವರಿ 4ರ ಭೂಕಂಪದಲ್ಲಿ ಇಲ್ಲಿನ ಪಾಳುಗೋಡೆಗಳು ಮತ್ತೆ ಬಿರಿದವು. ಅಂಥ ನೆಲದಲ್ಲಿ ಊರೆ ಕೊಡುವುದೇ ಮುಗಿಯದ ಕೆಲಸ.

ಕಾಪಾಡುವುದಕ್ಕೂ ಬೆಲೆಯಿದೆ. 1969ರ ಸಂರಕ್ಷಣಾ ಕಾನೂನು ಬಂದ ಮೇಲೆ ಇಲ್ಲಿ ಮನಬಂದಂತೆ ಮನೆ ಕಟ್ಟುವಂತಿಲ್ಲ, ಕೆಡಹುವಂತಿಲ್ಲ. ಹಳೆಯ ಮನೆಗಳೆಷ್ಟೋ ಹೋಟೆಲುಗಳಾಗಿವೆ. ಬೀದಿಯಲ್ಲಿ ಕೈಮಗ್ಗದ ಬಟ್ಟೆ ಮಾರುವ ಕಕ್ಚಿಕೆಲ್ ಮಾಯಾ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ. ಈ ಗೋಡೆಗಳಿಗೆ ಕಲ್ಲು ಹೊತ್ತವರು ಅವರ ಪೂರ್ವಿಕರೇ. ಊರಿನ ಸ್ಮಾರಕಗಳಲ್ಲಿ ಅವರ ಹೆಸರಿಲ್ಲ.

ಬಂದವರು ಹೆಚ್ಚಾಗಿ ಫೋಟೊ ತೆಗೆಸಿಕೊಳ್ಳುವುದು ಸಾಂತಾ ಕತಾಲಿನಾ ಕಮಾನಿನ ಕೆಳಗೆ. ಸನ್ಯಾಸಿನಿಯರು ಯಾರ ಕಣ್ಣಿಗೂ ಬೀಳದೆ ಬೀದಿ ದಾಟಲೆಂದು ಕಟ್ಟಿದ ದಾರಿ ಅದು. ಅದರ ನೆತ್ತಿಯ ಗಡಿಯಾರದ ಗೋಪುರ ಮಾತ್ರ ಸ್ಪೇನಿನ ಆಳ್ವಿಕೆ ಮುಗಿದ ಮೇಲೆ, 19ನೇ ಶತಮಾನದಲ್ಲಿ ಸೇರಿಸಿದ್ದು.